ಒಂದು ಒಲೆ, ನಾಲ್ಕು ಊರಿನ ಊಟ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕಟ್ಟಿದವನು ಬಾಡಿಗೆಯ ಕೋಣೆಯಲ್ಲಿ ಮೂವರು ಗೆಳೆಯರೊಡನೆ ಅಡಿಗೆ ಮಾಡಿಕೊಂಡು ಉಂಡವನಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ಒಲೆ ಒಂದು, ಕುಕ್ಕರು ಒಂದು. ನಾಲಿಗೆಗಳು ಮಾತ್ರ ನಾಲ್ಕು. ಬನಶಂಕರಿ ಎರಡನೆಯ ಹಂತದಲ್ಲಿ ನಾವು ಹೀಗೆ ಎರಡು ವರ್ಷಗಳಿಂದ ಸಂಸಾರ ಹೂಡಿದ್ದೇವೆ. ನಾನು ಶ್ರೀನಿವಾಸಪುರದ ಕಡೆಯವನು. ಒಬ್ಬನು ಬಾದಾಮಿಯವನು, ಒಬ್ಬನು ಪುತ್ತೂರಿನವನು, ಮತ್ತೊಬ್ಬನು ಕೊಪ್ಪದವನು. ನಾಲ್ವರಲ್ಲಿ ಮೂವರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಇಂದಿರಾ ಕ್ಯಾಂಟೀನು ಮೊಟ್ಟಮೊದಲು ತೆರೆದದ್ದು ನೆರೆಯ ಜಯನಗರದಲ್ಲೇ, 2017ರ ಆಗಸ್ಟ್ 16ರಂದು. ಆಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು. ಅದರ ಉಪಕಾರವನ್ನು ಮರೆಯಲಾಗದು. ಆದರೆ ರಾತ್ರಿಯ ಊಟವನ್ನಾದರೂ ಕೈಯಾರೆ ಬೇಯಿಸಿಕೊಂಡು ಉಣ್ಣಬೇಕೆಂಬ ಆಸೆ ಯಾರಿಗಿಲ್ಲ?

ಮೊದಲ ವಾರವೇ ವ್ಯಾಜ್ಯ ಹುಟ್ಟಿತು. ಅಮ್ಮ ಫೋನಿನಲ್ಲಿ ಹೇಳಿಕೊಟ್ಟಂತೆ ಎಸರಿಟ್ಟು, ಹಿಟ್ಟು ಸುರಿದು, ಕೋಲಿನಿಂದ ತಿರುವಿ ಮುದ್ದೆ ಕಟ್ಟಿದೆ. ಬಾದಾಮಿಯವನು ಅದನ್ನು ರೊಟ್ಟಿಯಂತೆ ಅಗಿಯತೊಡಗಿದನು. ಅಗಿದಷ್ಟೂ ಹಲ್ಲಿಗೆ ಅಂಟಿತು. ‘ಏನ್ಲೇ ಇದು, ಕೆಸರು ತಿಂದಂಗ ಆಗತೈತಿ!’ ಎಂದನು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವ ಪದಾರ್ಥ. ನುಂಗಬೇಕಾದರೆ ಅದನ್ನು ಜಾರಿಸುವ ಸಾರು ಬೇಕು. ನಮ್ಮ ಕಡೆಯ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು ಎಲ್ಲವೂ ಈ ಅಗತ್ಯದಿಂದ ಹುಟ್ಟಿದವು. ಬಸ್ಸಾರಿನ ಮಿತವ್ಯಯವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು: ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು ಅದರಿಂದ ಸಾರು ಮಾಡುವುದು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಬೇಯುವಿಕೆಯಲ್ಲಿ ಎರಡು ವ್ಯಂಜನ. ಒಂದು ತೊಟ್ಟೂ ಪೋಲಾಗದು.

ಜೋಳದ ರೊಟ್ಟಿಯ ನ್ಯಾಯವೇ ಬೇರೆ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಆದ್ದರಿಂದ ಚಪಾತಿಯಂತೆ ತಣ್ಣೀರಿನಲ್ಲಿ ಕಲಸಿ ಲಟ್ಟಿಸಹೋದರೆ ಒಡೆಯುತ್ತದೆ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟವೇ ಅರೆಬೆಂದು ಅಂಟಾಗುತ್ತದೆ. ಅದನ್ನು ಚೆನ್ನಾಗಿ ನಾದಿ, ಅಂಗೈಯಿಂದ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ನಮ್ಮ ಗೆಳೆಯ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು ವಿಚಾರಿಸಿಕೊಂಡು ಹೋದರು! ರೊಟ್ಟಿಯನ್ನು ಮುರಿದು ಎತ್ತಿಕೊಳ್ಳುವುದರಿಂದ ಅದಕ್ಕೆ ತೆಳು ಸಾರು ಒಗ್ಗದು. ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿಯಂಥ ಗಟ್ಟಿ ಪದಾರ್ಥಗಳೇ ಬೇಕು. ಒಣಗಿಸಿದ ಕಡಕ್ ರೊಟ್ಟಿಯಂತೂ ಹಲವು ದಿನ ಕೆಡದು. ಅವನ ತಾಯಿ ಕಟ್ಟಿಕೊಟ್ಟ ಗಂಟು ಪರೀಕ್ಷೆಯ ದಿನಗಳಲ್ಲಿ ನಮ್ಮೆಲ್ಲರನ್ನೂ ಕಾಪಾಡಿದೆ.

ಪುತ್ತೂರಿನವನಿಗೆ ಕುಚ್ಚಲಕ್ಕಿಯ ಹೊರತು ಬೇರೆಲ್ಲವೂ ಬರಿಯ ತಿಂಡಿ. ಭತ್ತವನ್ನು ಹೊಟ್ಟಿನ ಸಮೇತ ಬೇಯಿಸಿ ಒಣಗಿಸುವುದರಿಂದ ಹೊರಪದರದ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಗಿರಣಿಯಲ್ಲಿ ತೌಡಿನೊಡನೆ ಪೂರ್ತಿ ಹೊರಟುಹೋಗುವುದಿಲ್ಲ. ಗುಣ ದೊಡ್ಡದೇ, ಆದರೆ ಬೇಯುವುದು ನಿಧಾನ, ಗ್ಯಾಸಿನ ಲೆಕ್ಕ ಬರೆಯುವವನು ನಾನು.

ಇವೆಲ್ಲ ಬರಿಯ ರುಚಿಯ ಹಠವೆಂದು ಮೊದಲು ತೋರುತ್ತದೆ. ಭೂಗೋಳದ ತರಗತಿಯಲ್ಲಿ ಕೇಳಿದ್ದನ್ನು ತಟ್ಟೆಯೊಡನೆ ಹೋಲಿಸಿದರೆ ಬೇರೆಯೇ ಕಾಣುತ್ತದೆ. ಬಾದಾಮಿಯ ಸೀಮೆಯ ಕಪ್ಪು ಮಣ್ಣು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದ ಕೊನೆಯಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವದಲ್ಲೇ ಬೆಳೆಯುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ತೇವ ನಿಲ್ಲದು. ಅಲ್ಲಿ ರಾಗಿಯೇ ಗತಿ. ಕರಾವಳಿಯ ಮಳೆಗೆ ಭತ್ತ, ತೆಂಗು. ಹೀಗೆಂದು ಈ ಧಾನ್ಯಗಳೆಲ್ಲ ಇಲ್ಲೇ ಹುಟ್ಟಿದವೆಂದು ಬೀಗುವಂತೆಯೂ ಇಲ್ಲ. ರಾಗಿ, ಜೋಳ ಎರಡರ ತವರೂ ಆಫ್ರಿಕ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಅಗಲಿದ ನಂಟರನ್ನೇ ಕೂಡಿಸಿದರೆನ್ನಬೇಕು. ಮೆಣಸಿನಕಾಯಿಯಂತೂ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದರಲ್ಲೂ ಜಾತಿಭೇದವಿದೆ: ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ, ಗುಂಟೂರಿನದು ಅದಕ್ಕೆ ತಿರುವುಮುರುವು. ಬಾದಾಮಿಯವನ ಪಲ್ಯದ ಕೆಂಪು ಕಂಡು ಹೆದರಿದ ಕೊಪ್ಪದವನು, ನನ್ನ ಮಸುಕು ಬಣ್ಣದ ಸಾರನ್ನು ನಂಬಿ ಕಣ್ಣೀರಿಟ್ಟನು.

ಇಷ್ಟು ನಗುವ ವಿಷಯ. ನಗಲಾಗದ ವಿಷಯವೂ ಒಂದುಂಟು. ಕೋಣೆ ಹುಡುಕಿ ತಿರುಗುವಾಗ ಹಲವು ಬಾಗಿಲುಗಳಲ್ಲಿ ‘ನೀವು ವೆಜ್ಜೋ, ನಾನ್‌ವೆಜ್ಜೋ?’ ಎಂದು ಕೇಳಿದರು. ಪ್ರಶ್ನೆ ಊಟವನ್ನು ಕುರಿತದ್ದೆಂದು ಕಾಣುತ್ತದೆ, ಕೇಳುವುದು ಜಾತಿಯನ್ನು. ಉತ್ತರ ಕೊಟ್ಟ ಕೂಡಲೆ ಬಾಡಿಗೆಗೆ ಬೇರೆ ಯಾರೋ ಮುಂಗಡ ಕೊಟ್ಟುಬಿಟ್ಟಿರುತ್ತಾರೆ! ಈಗಿನ ಮಾಲೀಕರು ಮಾಂಸ ಬೇಯಿಸಕೂಡದೆಂದರು, ಮೊಟ್ಟೆಯ ಮಾತೆತ್ತಲಿಲ್ಲ. ಆ ಸಂದಿನಲ್ಲಿ ಪುತ್ತೂರಿನವನೂ ನಾನೂ ಮೊಟ್ಟೆ ತಂದೆವು. ಬಾದಾಮಿಯವನು ತಿನ್ನದಿದ್ದರೂ, ‘ನೀವು ತಿನ್ರಪಾ, ನನಗೇನು?’ ಎಂದನು. ಕೊಪ್ಪದವನು ಏನೂ ಹೇಳದೆ ತನ್ನ ತಟ್ಟೆಯನ್ನು ಕಿಟಕಿಯ ಬಳಿಗೆ ಒಯ್ದನು. ಒಂದು ತಿಂಗಳು ಅಲ್ಲಿಯೇ, ನಮಗೆ ಬೆನ್ನು ಹಾಕಿ, ಮೊಸರನ್ನ ಉಂಡನು. ಆ ಒಂದು ತಿಂಗಳು ನಮ್ಮ ಗಂಟಲಲ್ಲಿ ಮುದ್ದೆಯೂ ಇಳಿಯಲಿಲ್ಲ. ಪಂಕ್ತಿಭೇದವೆಂಬುದು ಚರಿತ್ರೆಯ ಪಾಠವೆಂದುಕೊಂಡಿದ್ದೆ; ಹತ್ತಡಿ ಅಗಲದ ಕೋಣೆಯಲ್ಲೂ ಅದಕ್ಕೆ ಜಾಗ ಸಾಲುತ್ತದೆ. ಅವನನ್ನು ನಾನು ದೂರುವುದಿಲ್ಲ. ಹುಟ್ಟಿದಂದಿನಿಂದ ಬಂದ ಓಕರಿಕೆ ವಾದದಿಂದ ಹೋಗುವುದಿಲ್ಲ. ಹಾಗೆಯೇ ಅವನ ಓಕರಿಕೆಗಾಗಿ ನಾವು ಹಸಿದಿರಬೇಕೆಂಬುದೂ ನ್ಯಾಯವಲ್ಲ.

ದಾರಿ ತೋರಿದ್ದು ಶಾಲೆಗೆ ಹೋಗುವ ನನ್ನ ತಂಗಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ತೊಡಗಿ, ಮರುವರ್ಷ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದರಷ್ಟೆ. ಒಲ್ಲದವರಿಗೆ ಬಾಳೆಹಣ್ಣು. ‘ಒಂದೇ ಸಾಲಲ್ಲಿ ಕೂತ್ಕೊಂಡು ತಿಂತೀವಣ್ಣ, ಅದ್ರಲ್ಲೇನಿದೆ?’ ಎಂದಳು. ನಾವು ಒಂದು ಬಾಣಲೆಯನ್ನು ಮೊಟ್ಟೆಗೆಂದೇ ಮೀಸಲಿಟ್ಟು ಬೇರೆ ಮೊಳೆಗೆ ನೇತುಹಾಕಿದೆವು. ಬಾಳೆಹಣ್ಣನ್ನೂ ತಂದೆವು.

ಆದರೂ ಕೊಪ್ಪದವನು ಕಿಟಕಿ ಬಿಟ್ಟು ಬಂದದ್ದು ಅವರೆಕಾಯಿಯ ಕಾಲದಲ್ಲಿ. ಮಾರ್ಗಶಿರ, ಪುಷ್ಯದ ಮಂಜು ಬಿದ್ದಷ್ಟೂ ಅವರೆಯ ಸೊಗಡು ಏರುತ್ತದೆ. ಜಯನಗರ ನಾಲ್ಕನೆಯ ಬ್ಲಾಕಿನಿಂದ ಮೂರು ಕಿಲೋ ಹೊತ್ತು ತಂದೆ. ಸುಲಿದ ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹಿದುಕಿ ಸಿಪ್ಪೆ ತೆಗೆಯಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಪಾತ್ರೆಯ ಸುತ್ತ ನಾಲ್ವರೂ ಕುಳಿತೆವು. ಕಾಳು ಬೆರಳಿನಿಂದ ಚಿಮ್ಮಿ ಪುಸ್ತಕಗಳ ಮೇಲೆಲ್ಲ ಹಾರಿತು. ಕೊಪ್ಪದವನ ಬೆರಳು ಎಲ್ಲರಿಗಿಂತ ಚುರುಕು. ಅಂದು ತಟ್ಟೆಯನ್ನು ಕಿಟಕಿಗೆ ಒಯ್ಯುವುದನ್ನು ಅವನು ಮರೆತನೋ, ಬಿಟ್ಟನೋ ನಾವು ಕೇಳಲಿಲ್ಲ. ಈಗ ನಮ್ಮೊಡನೆಯೇ ಕೂಡುತ್ತಾನೆ. ಬಾಣಲೆ ಮಾತ್ರ ಬೇರೆ ಮೊಳೆಯಲ್ಲೇ ಇದೆ. ಹಿದುಕಿದ ಬೇಳೆಯ ಸಾರಿಗೆ ಎಷ್ಟು ತೆಂಗಿನಕಾಯಿ ರುಬ್ಬಬೇಕೆಂಬ ವಿಷಯದಲ್ಲಿ ಪುತ್ತೂರಿನವನಿಗೂ ನನಗೂ ಇನ್ನೂ ಒಡಂಬಡಿಕೆಯಾಗಿಲ್ಲ.