20 ಮೀಟರ್ ಗೋಣಿತಟ್ಟು

1888ರ ಅಕ್ಟೋಬರ್ 23ರಂದು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಬಂದಿಳಿದ ಚಿತ್ರಕಾರ ಪಾಲ್ ಗೋಗ್ಯಾಂ, ಕೆಲವೇ ದಿನಗಳಲ್ಲಿ ಪೇಟೆಗೆ ಹೋಗಿ ಮನೆಸಾಮಾನು ಹೊತ್ತು ತಂದ. ಒಂದು ಖಾನೆ ಬೀರು, ಅಡುಗೆಗೆ ಬೇಕಾದ ಪಾತ್ರೆಪಡಗ, ಅದರ ಜೊತೆಗೆ 20 ಮೀಟರ್ ದಪ್ಪ ಬಟ್ಟೆ. ಅವನು ಇಳಿದುಕೊಂಡ ಹಳದಿ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ಚಿತ್ರಕಾರ ಗೆಳೆಯ ವಿನ್ಸೆಂಟ್ ವ್ಯಾನ್ ಗೋ, ಪ್ಯಾರಿಸ್ಸಿನಲ್ಲಿದ್ದ ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಈ ಖರೀದಿಯ ಪಟ್ಟಿಯನ್ನೇ ಕೊಟ್ಟಿದ್ದಾನೆ.

ದಪ್ಪ ಬಟ್ಟೆ ಎಂದರೆ ಬೇರೇನೂ ಅಲ್ಲ, ಸೆಣಬಿನ ಗೋಣಿತಟ್ಟು. ಆ ಕಾಲಕ್ಕೆ ಯುರೋಪು ಬಳಸುತ್ತಿದ್ದ ಸೆಣಬು ಬೆಳೆಯುತ್ತಿದ್ದದ್ದು ಬಂಗಾಳದ ಗದ್ದೆಗಳಲ್ಲಿ. ಇಂಗ್ಲಿಷರ ಬಾಯಲ್ಲಿ ‘ಗನ್ನಿ’ ಆದದ್ದೂ ನಮ್ಮ ಕಡೆಯ ಗೋಣಿಯೇ. ಅಕ್ಕಿ, ಬೆಲ್ಲ, ಕಡಲೆಕಾಯಿ ತುಂಬುವ ಈ ಬಟ್ಟೆಯ ಮೇಲೆ ಚಿತ್ರ ಬರೆಯುವ ಉಸಾಬರಿ ಇವರಿಗೇಕೆ ಬೇಕಿತ್ತು? ದುಡ್ಡಿನ ತಾಪತ್ರಯ ಇತ್ತು, ನಿಜ. ಆದರೆ ಗೋಗ್ಯಾಂಗೆ ಅದರ ಒರಟುತನವೇ ಬೇಕಾಗಿತ್ತು ಎಂಬುದು ಮುಂದಿನ ಎರಡು ತಿಂಗಳ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ.

ಯುರೋಪಿನ ಚಿತ್ರಕಾರರು ಬಟ್ಟೆಗೆ ಬಂದದ್ದೇ ಸ್ವಲ್ಪ ತಡವಾಗಿ. ಬಹುಕಾಲ ಅವರ ಆಧಾರ ಮರದ ಹಲಗೆ: ಇಟಲಿಯಲ್ಲಿ ಪಾಪ್ಲರ್, ಉತ್ತರದ ನಾಡುಗಳಲ್ಲಿ ಓಕ್. ಹಲಗೆ ಭಾರ, ಹವೆಗೆ ಸೊಟ್ಟಗಾಗುತ್ತದೆ, ಸೀಳುತ್ತದೆ. ವೆನಿಸ್ಸಿನಲ್ಲಂತೂ ಸಮುದ್ರದ ತೇವಕ್ಕೆ ಗೋಡೆಚಿತ್ರಗಳೂ ಬಾಳುತ್ತಿರಲಿಲ್ಲ. ಹಡಗು ಕಟ್ಟುವ ಆ ಊರಲ್ಲಿ ಹಾಯಿಬಟ್ಟೆಗೇನು ಬರ? ಹಾಗೆ ಬಟ್ಟೆ ಗೋಡೆಗೇರಿತು. ಅಲ್ಲಿನ ಅಧಿಪತಿ ಡೋಜ್‌ನ ಅರಮನೆಯಲ್ಲಿ 1577ರ ಬೆಂಕಿಗೆ ಹಳೆಯ ಗೋಡೆಚಿತ್ರ ಹಾಳಾದ ಜಾಗದಲ್ಲಿ ಈಗಿರುವುದು ತಿಂತೊರೆತ್ತೊನ ‘ಸ್ವರ್ಗ’; ಸುಮಾರು 22 ಮೀಟರ್ ಅಗಲದ ಬಟ್ಟೆ, ತುಂಡುತುಂಡಾಗಿ ಹೊಲಿದು ಜೋಡಿಸಿದ್ದು.

ಬಟ್ಟೆ ಬಂತು, ತಲೆನೋವೂ ಬಂತು. ಅಗಸೆ ಎಣ್ಣೆ ನೇರವಾಗಿ ನಾರಿಗೆ ಇಳಿದರೆ ವರ್ಷ ಕಳೆದಂತೆ ನಾರು ಲಡ್ಡಾಗುತ್ತದೆ. ಅದಕ್ಕೇ ಮೊದಲು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟನ್ನು ಬಳಿದು ರಂಧ್ರ ಮುಚ್ಚಬೇಕು, ಆಮೇಲೆ ಬಿಳಿಯ ಅಸ್ತರಿ. ಆ ಅಂಟಿಗೋ ಮಳೆಗಾಲ ಬಂದರೆ ನೀರು ಕುಡಿದು ಸಡಿಲಾಗುವ ಚಾಳಿ. ತಮಟೆಯಾದರೆ ಬೆಂಕಿಗೆ ಹಿಡಿದು ಬಿಗಿ ಮಾಡಬಹುದು. ಚಿತ್ರವನ್ನು ಹಾಗೆ ಮಾಡಲಾದೀತೆ? 18ನೇ ಶತಮಾನದ ಮಧ್ಯದ ಹೊತ್ತಿಗೆ ಇದಕ್ಕೊಂದು ಉಪಾಯ ಸಿಕ್ಕಿತು. ಚೌಕಟ್ಟಿನ ಮೂಲೆಗಳನ್ನು ಅಂಟಿಸದೆ, ಮೊಳೆ ಹೊಡೆಯದೆ, ಸಂದಿಗೆ ಪುಟ್ಟ ಬೆಣೆಗಳನ್ನು ಸಿಕ್ಕಿಸುವುದು. ಬಟ್ಟೆ ಜೋತುಬಿದ್ದಾಗ ಬೆಣೆಗೆ ಮೆಲ್ಲಗೆ ಎರಡು ಏಟು ಕೊಟ್ಟರೆ ಮೂಲೆ ಒಂಚೂರು ಅಗಲಿ ಬಟ್ಟೆ ಬಿಗಿಯುತ್ತದೆ. ಮನುಷ್ಯನ ಸಣ್ಣ ಬುದ್ಧಿವಂತಿಕೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಇಷ್ಟವಾದ ಮೇಲೆ ಮಾಡಿ ನೋಡದಿದ್ದರೆ ಹೇಗೆ? ಕಳೆದ ಮಳೆಗಾಲದಲ್ಲಿ ನಾಲ್ಕು ರೀಪರು ತಂದು ನಾನೂ ಒಂದು ಕ್ಯಾನ್ವಾಸ್ ಕಟ್ಟಿದೆ. ರೀಪರಿನ ಮುಖಕ್ಕೆ ಹತ್ತರಿ ಹೊಡೆದು ಒಳಗಡೆ ಇಳಿಜಾರು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮರದ ಒಳಅಂಚು ಬಟ್ಟೆಗೆ ತಾಗಿ ಚಿತ್ರದ ಮೇಲೆ ಗೆರೆ ಮೂಡುತ್ತದೆ. ಬಟ್ಟೆಯನ್ನು ಒಂದು ಬದಿಯಿಂದ ಸಾಲಾಗಿ ಪಿನ್ನು ಹೊಡೆಯುತ್ತ ಹೋದರೆ ಕೆಟ್ಟಿತು. ಒಂದು ಬದಿಯ ನಡುವೆ ಒಂದು ಪಿನ್ನು, ಅದರ ಎದುರಿಗೆ ಎಳೆದು ಇನ್ನೊಂದು, ಆಮೇಲೆ ಉಳಿದೆರಡು ಬದಿ. ಹೀಗೆ ನಡುವಿನಿಂದ ಮೂಲೆಗಳತ್ತ ಸರಿಯಬೇಕು. ಹಾಸು ಹೊಕ್ಕು ಎರಡೂ ರೀಪರಿಗೆ ನೆಟ್ಟಗಿರಬೇಕು. ಎಲ್ಲ ಸರಿಯಾಗಿ ಮಾಡಿದೆ. ಆದರೆ ಬಡಗಿ ಮೊದಲೇ ಹೇಳಿದ್ದ, “ರೀಪರು ಇನ್ನೂ ಹಸಿ ಇದೆ ಸಾರ್, ಎರಡು ವಾರ ಬಿಡಿ” ಅಂತ. ನಾನು ಬಿಡಲಿಲ್ಲ. ಈಗ ಅದನ್ನು ನೆಲದ ಮೇಲಿಟ್ಟರೆ ಒಂದು ಮೂಲೆ ಕುಂಟುಗಾಲಿನ ಮೇಜಿನ ಹಾಗೆ ಎದ್ದು ನಿಲ್ಲುತ್ತದೆ.

ಆರ್ಲ್‌ಗೆ ಮರಳೋಣ. 1888ರಲ್ಲಿ ಕ್ಯಾನ್ವಾಸನ್ನು ಕೈಯಾರೆ ಸಿದ್ಧಮಾಡುವ ಅಗತ್ಯವೇ ಇರಲಿಲ್ಲ. ಅಸ್ತರಿ ಹಚ್ಚಿದ ಬಟ್ಟೆ ಸುರುಳಿ ಸುರುಳಿಯಾಗಿ ಅಂಗಡಿಯಲ್ಲಿ ಸಿಗುತ್ತಿತ್ತು, ಅಳತೆಗೆಲ್ಲ ನಂಬರು ಇತ್ತು: 30 ನಂಬರೆಂದರೆ 92 × 73 ಸೆಂ.ಮೀ. ವಿನ್ಸೆಂಟ್ ಪ್ಯಾರಿಸ್ಸಿನ ಅಂಗಡಿಯಿಂದ ಥಿಯೋ ಮೂಲಕ ತರಿಸಿಕೊಳ್ಳುತ್ತಿದ್ದ. ಗೋಗ್ಯಾಂ ತಂದ ತಟ್ಟಿನ ಮೇಲೋ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕಿತ್ತು. ಅಸ್ತರಿಗೆ ಬೇರಿಯಂ ಸಲ್ಫೇಟ್ ಕಲಸಿದ್ದೂ ಉಂಟು, ಸೀಸದ ಬಿಳಿ ಹಚ್ಚಿದ್ದೂ ಉಂಟು. ಗೋಣಿಯ ಕಣ್ಣುಗಳು ದೊಡ್ಡವು, ಬಣ್ಣ ಹೀರುತ್ತವೆ; ನುಣುಪಾದ ಗೆರೆ ಎಳೆಯಲು ಬಿಡುವುದಿಲ್ಲ. ಗೋಗ್ಯಾಂ ಹಠಕ್ಕೆ ಬೀಳದೆ ಬಣ್ಣವನ್ನು ತೆಳುವಾಗಿ, ಹೊಳಪಿಲ್ಲದಂತೆ ಹರಡಿದ. ನೇಯ್ಗೆಯೇ ಚಿತ್ರದ ಮೈಯಾಯಿತು. ವಿನ್ಸೆಂಟ್ ಮಾತ್ರ ಗೋಣಿಯ ಜೊತೆ ಕುಸ್ತಿಗಿಳಿದ, ಬಣ್ಣವನ್ನು ಮೆತ್ತಿ ಮೆತ್ತಿ ಅದರ ಬಾಯಿ ಮುಚ್ಚಿಸಿದ. ಹುಲ್ಲು ಹೆಣೆದ ತನ್ನ ಖಾಲಿ ಕುರ್ಚಿಯನ್ನೂ ಗೋಗ್ಯಾಂನ ಕೈಕುರ್ಚಿಯನ್ನೂ ಬರೆದದ್ದು ಇದೇ ತಟ್ಟಿನ ಮೇಲೆ. ಒಂದು ಈಗ ಲಂಡನ್ನಿನಲ್ಲಿದೆ, ಇನ್ನೊಂದು ಆಮ್ಸ್ಟರ್‌ಡ್ಯಾಮಿನಲ್ಲಿ.

ಕಟ್ಟು ಹಾಕಿಸುವುದಕ್ಕೂ ಅವರು ಅಂಗಡಿಗೆ ಹೋಗಲಿಲ್ಲ. ಆ ಕಾಲದ ಪ್ಯಾರಿಸ್ಸಿನಲ್ಲಿ ಕಟ್ಟು ಎಂದರೆ ಚಿನ್ನದ ರೇಕು, ಬಳ್ಳಿ ಕೆತ್ತನೆ, ಚಿತ್ರಕ್ಕಿಂತ ದುಬಾರಿ. ಇವರು ನಾಲ್ಕು ಮರದ ಪಟ್ಟಿಗಳನ್ನು ಚೌಕಟ್ಟಿನ ಪಕ್ಕಕ್ಕೆ ಮೊಳೆ ಹೊಡೆದು ಬಣ್ಣ ಬಳಿದರು. ಒಂದಕ್ಕೆ ತಗಲಿದ ಖರ್ಚು ಐದು ಸೂ, ಎಂದರೆ ಕಾಲು ಫ್ರಾಂಕ್, ಎಂದು ವಿನ್ಸೆಂಟ್ ತಮ್ಮನಿಗೆ ಲೆಕ್ಕ ಒಪ್ಪಿಸಿದ್ದಾನೆ. ಅದಕ್ಕೂ ಮೊದಲೇ, ಆ ಬೇಸಿಗೆಯಲ್ಲಿ, ಗಾಢ ನೀಲಿ ಹಿನ್ನೆಲೆಯ ಸೂರ್ಯಕಾಂತಿ ಚಿತ್ರವೊಂದಕ್ಕೆ ಕಿತ್ತಳೆ ಬಣ್ಣದ ಕಟ್ಟು ಹಾಕಿದ್ದ. 1945ರಲ್ಲಿ ಜಪಾನಿನ ಆಶಿಯಾ ಊರಿನ ಮೇಲೆ ಬಿದ್ದ ಬಾಂಬಿಗೆ ಚಿತ್ರ, ಕಟ್ಟು ಎರಡೂ ಸುಟ್ಟುಹೋದವು.

ಡಿಸೆಂಬರ್ 23ರ ರಾತ್ರಿ ವಿನ್ಸೆಂಟ್ ತನ್ನ ಕಿವಿಯನ್ನೇ ಕತ್ತರಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಗೋಗ್ಯಾಂ ಪ್ಯಾರಿಸ್ಸಿಗೆ ಓಡಿದ, ವಿನ್ಸೆಂಟ್ ಮತ್ತೆ ಅಂಗಡಿಯ ಬಟ್ಟೆಗೆ ಮರಳಿದ. ಗೋಣಿಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1987ರಲ್ಲಿ ಜಪಾನಿನ ಯಸುದಾ ವಿಮಾ ಕಂಪನಿ ಲಂಡನ್ನಿನ ಹರಾಜಿನಲ್ಲಿ ಸುಮಾರು 2.5 ಕೋಟಿ ಪೌಂಡ್ ಕೊಟ್ಟು ಮತ್ತೊಂದು ಸೂರ್ಯಕಾಂತಿಯನ್ನು ಕೊಂಡಿತು. ಮುಂದಿನ ದಶಕದಲ್ಲಿ ಗುಸುಗುಸು ಎದ್ದಿತು: ಇದು ವಿನ್ಸೆಂಟ್ ಬರೆದದ್ದಲ್ಲ, ಚಿತ್ರ ಒಂದು ಕಾಲಕ್ಕೆ ಯಾರ ಕೈಯಲ್ಲಿತ್ತೋ ಆ ಪ್ಯಾರಿಸ್ ಚಿತ್ರಕಾರ ಶೂಫೆನೆಕರನ ನಕಲು ಎಂದು. 2001ರಲ್ಲಿ ಷಿಕಾಗೋದಲ್ಲಿ ತೆರೆದು ಆಮ್ಸ್ಟರ್‌ಡ್ಯಾಮಿಗೆ ಹೋದ ವ್ಯಾನ್ ಗೋ–ಗೋಗ್ಯಾಂ ಪ್ರದರ್ಶನಕ್ಕಾಗಿ ತಜ್ಞರು ಬಟ್ಟೆಯ ಎಳೆಗಳನ್ನೇ ಪರೀಕ್ಷೆಗೆ ಹಚ್ಚಿದರು. ಹಾಸಿನಲ್ಲಿ ಎಷ್ಟು ಎಳೆ, ಹೊಕ್ಕಿನಲ್ಲಿ ಎಷ್ಟು, ಮೇಲಿನ ಅಸ್ತರಿ ಯಾವುದು. ಯಸುದಾ ಕೊಂಡ ಟೋಕಿಯೊದ ಸೂರ್ಯಕಾಂತಿ ನಿಂತಿದ್ದದ್ದು ಗೋಗ್ಯಾಂ ಆರ್ಲ್‌ನಲ್ಲಿ ಕೊಂಡ ಅದೇ ಗೋಣಿತಟ್ಟಿನ ಮೇಲೆ. ಪ್ಯಾರಿಸ್ಸಿನ ನಕಲುಗಾರನಿಗೆ ಆ ಬಟ್ಟೆ ಎಲ್ಲಿಂದ ಬರಬೇಕು? ಪಂಡಿತರ ಜಗಳದಲ್ಲಿ ಗೋಣಿ ಬಂದು ಸಾಕ್ಷಿ ಹೇಳಿತು.

ಆಮ್ಸ್ಟರ್‌ಡ್ಯಾಮಿನಲ್ಲಿರುವ ಸೂರ್ಯಕಾಂತಿ 1889ರ ಜನವರಿಯದು, ಆಗಲೇ ಗೋಣಿಯ ಕಾಲ ಮುಗಿದಿತ್ತು. ಬರೆಯುತ್ತ ಬರೆಯುತ್ತ ಮೇಲ್ತುದಿಯ ಹೂವಿಗೆ ಜಾಗ ಸಾಲದೆ ಹೋಯಿತು. ವಿನ್ಸೆಂಟ್ ಹೂವನ್ನು ಕುಗ್ಗಿಸಲಿಲ್ಲ. ಕ್ಯಾನ್ವಾಸಿನ ಮೇಲಂಚಿಗೆ ಒಂದು ಮರದ ಪಟ್ಟಿ ಸೇರಿಸಿ, ಹಳದಿಯನ್ನು ಅದರ ಮೇಲಕ್ಕೂ ಎಳೆದುಬಿಟ್ಟ. ಆ ಪಟ್ಟಿ ಇವತ್ತಿಗೂ ಅಲ್ಲೇ ಇದೆ.