ಮಂದ್ರದ ತಂತಿ

ಅಂಬಾಜಿದುರ್ಗದ ತಪ್ಪಲಿನಲ್ಲಿರುವ ನಮ್ಮ ಮನೆಯಲ್ಲಿ ತಂದೆಯವರು ಬಿಟ್ಟುಹೋದ ಆಸ್ತಿಯೆಂದರೆ ಎರಡು ಬೀರು ಪುಸ್ತಕ, ಒಂದು ರೆಕಾರ್ಡ್ ಪ್ಲೇಯರು, ಅದರ ಜೊತೆಗೆ ವಾಲ್ವಿನ ಪ್ರೀಆಂಪ್ಲಿಫೈಯರು. ಪುಸ್ತಕಗಳು ನನ್ನ ಪಾಲಿಗೆ ಬಂದುವು. ಯಂತ್ರ ಅಮ್ಮನ ಪಾಲಿಗೆ. ಸಂಜೆ ದೀಪ ಹಚ್ಚಿದ ಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ತಟ್ಟೆಯೊಂದನ್ನು ಹಾಕಿ ಕೂರುವುದು ಆಕೆಯ ನಿತ್ಯವಿಧಿ. ಹರೆಯದಲ್ಲಿ ತಾನೂ ನಾಲ್ಕು ವರ್ಷ ವೀಣೆ ಹಿಡಿದವಳು.

ಕಳೆದ ವರ್ಷ ಒಂದು ಸಂಜೆ ಅಮ್ಮ, “ಮಂದ್ರದ ತಂತಿ ಕೇಳಿಸುತ್ತಿಲ್ಲವಲ್ಲೋ” ಎಂದಳು. ನನಗೆ ವೀಣೆಯೂ ಕೇಳಿಸುತ್ತಿತ್ತು, ಅದರ ಹಿಂದೆ ‘ಗುಂಯ್’ ಎಂಬ ಸದ್ದೂ ಕೇಳಿಸುತ್ತಿತ್ತು. “ಎಪ್ಪತ್ತೈದಾಯಿತಮ್ಮ, ನಿನ್ನ ಕಿವಿ ಮಂದವಾಗಿದೆ” ಎಂದುಬಿಟ್ಟೆ. ಆಕೆ ಮರುಮಾತಾಡಲಿಲ್ಲ. ಮರುದಿನದಿಂದ ಯಂತ್ರದ ಬಳಿಗೂ ಹೋಗಲಿಲ್ಲ.

ಆ ಮೌನ ನನ್ನನ್ನು ಚುಚ್ಚಿತು. ಹೊರದೇಶದ ಬೆಲೆಬಾಳುವ ವಾಲ್ವು ತರಿಸಿದರೆ ಎಲ್ಲವೂ ಸರಿಹೋದೀತೆಂದು ಲೆಕ್ಕ ಹಾಕಿ, ಚಿಂತಾಮಣಿಯಿಂದ ವೃದ್ಧರಾದ ರೇಡಿಯೊ ರಿಪೇರಿಯವರೊಬ್ಬರನ್ನು ಕರೆತಂದೆ. ಅವರು ಮುಚ್ಚಳ ತೆಗೆದು ನಕ್ಕರು. ಒಳಗಿದ್ದುದು ಇ.ಸಿ.ಸಿ. ೮೩, ೧೯೫೪ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ತಯಾರಿಸುತ್ತಿದ್ದ ವಾಲ್ವು. “ಇದು ಗಟ್ಟಿಯಾಗಿದೆ ಮೇಷ್ಟ್ರೇ. ಮೊದಲು ಕಳ್ಳನನ್ನು ಹುಡುಕೋಣ, ಬೀಗ ಆಮೇಲೆ ಕೊಳ್ಳಿ” ಎಂದರು.

ಕಳ್ಳನ ದಾರಿಯನ್ನೂ ಅವರೇ ವಿವರಿಸಿದರು. ತಟ್ಟೆಯನ್ನು ಕೊರೆಯುವಾಗ ಮಂದ್ರಸ್ವರಗಳನ್ನು ತಗ್ಗಿಸಿಯೇ ಕೊರೆಯುತ್ತಾರೆ. ಇಲ್ಲವಾದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ಅವನ್ನು ಮರಳಿ ಎತ್ತಿಕೊಡುವುದು ಪ್ರೀಆಂಪ್ಲಿಫೈಯರಿನ ಕೆಲಸ. ಅದೇ ೧೯೫೪ರಲ್ಲಿ ಗೊತ್ತಾದ ನಿಯಮದಂತೆ, ಸೆಕೆಂಡಿಗೆ ೧೦೦೦ ಕಂಪನದ ಸ್ವರಕ್ಕಿಂತ ೫೦ ಕಂಪನದ್ದನ್ನು ಅದು ಸುಮಾರು ೭ ಪಟ್ಟು ಹೆಚ್ಚು ಎತ್ತುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತಿನ ಕಂಪನವೂ ೫೦! ಸೂಜಿಯಿಂದ ಬರುವ ಸಂಕೇತವಾದರೋ ವೋಲ್ಟಿನ ಸಾವಿರದ ಕೆಲವೇ ಭಾಗ. ಮಂದ್ರಕ್ಕೆಂದು ತೆರೆದ ಬಾಗಿಲಲ್ಲಿ ಗುಂಯ್‌ಕಾರವೇ ನುಗ್ಗಿ ಕುಳಿತಿತ್ತು.

ಒಳಬರುವ ತಂತಿಯನ್ನು ಬಿಚ್ಚಿ ಆ ಬಾಯಿಯನ್ನು ಮುಚ್ಚಿದರು, ಗುಂಯ್‌ಕಾರ ನಿಂತಿತು. ಅಲ್ಲಿಗೆ ದೋಷ ಹೊರಗಿನದೆಂದಾಯಿತು. ಪ್ಲೇಯರಿನ ಅರ್ತ್ ತಂತಿಯನ್ನು ನಾನೇ ಜಾಣತನದಿಂದ ಗೋಡೆಯ ಪ್ಲಗ್ಗಿಗೆ ಬೇರೆಯಾಗಿ ಕಟ್ಟಿದ್ದೆ. ಭೂಮಿಗೆ ಎರಡು ದಾರಿಯಾಗಿ, ನಡುವೆ ವಿದ್ಯುತ್ತು ಸುತ್ತು ಹೊಡೆಯುತ್ತಿತ್ತು. ಅದನ್ನು ಬಿಚ್ಚಿ ಪ್ರೀಆಂಪ್ಲಿಫೈಯರಿನ ತಿರುಪಿಗೆ ಸೇರಿಸಿದರು. ಯಂತ್ರಗಳಿಗೆಲ್ಲ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಟ್ಟು, ಸಂಕೇತದ ತಂತಿಯನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಿದರು. ಒಳಗೆ ಸೋರುತ್ತಿದ್ದ ಹಳೆಯ ಕಾಗದದ ಕೆಪಾಸಿಟರೊಂದನ್ನು ಬದಲಿಸಿದರು. ಆ ಕೆಲಸಕ್ಕೆ ಮಾತ್ರ ನಾನು ಕೈಹಾಕಕೂಡದೆಂದು ಎಚ್ಚರಿಸಿದರು: ಪ್ಲಗ್ಗು ಕಿತ್ತ ಮೇಲೂ ಒಳಗೆ ನೂರಾರು ವೋಲ್ಟು ಉಳಿದಿರಬಹುದು. ಸಂಜೆ ಕೊಳವೆಬಾವಿಗಳ ಮೋಟಾರು ಹೊರಟೊಡನೆ ನಮ್ಮಲ್ಲಿ ವಿದ್ಯುತ್ತು ಸೊರಗುತ್ತದೆ, ೬.೩ ವೋಲ್ಟು ಬೇಡುವ ವಾಲ್ವಿನ ಹೀಟರು ಬಾಡುತ್ತದೆ. ಅದಕ್ಕೊಂದು ಸ್ಟೆಬಿಲೈಜರು ಬಂತು. ಹೊಸ ವಾಲ್ವು ಬರಲಿಲ್ಲ.

ಗ್ರಂಥಸಂಪಾದನೆಯ ಪಾಠ ಹೇಳುವ ನನಗೆ ಇದು ಹೊಳೆಯಬೇಕಾಗಿತ್ತು. ಸಂಪಾದಕನು ಕವಿಯ ಮಾತಿಗೆ ಏನನ್ನೂ ಸೇರಿಸುವವನಲ್ಲ. ಲಿಪಿಕಾರರ ಸ್ಖಾಲಿತ್ಯವನ್ನು ಕಳೆಯುವವನು. ತನಗೆ ಅರ್ಥವಾಗದ ಪಾಠವೆಲ್ಲ ತಪ್ಪುಪಾಠವೆಂದು ಅವನು ತಿಳಿಯಬಾರದು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಮನೆಯಲ್ಲಿ ಅಮ್ಮನ ಮಾತನ್ನೇ ತಪ್ಪುಪಾಠವೆಂದು ಹೊಡೆದುಹಾಕಿದ್ದೆ.

ಅಂದು ಸಂಜೆ ನಾನೇ ತಟ್ಟೆ ಹಾಕಿದೆ. ಅಮ್ಮ ಅಡಿಗೆಮನೆಯಿಂದ ಬರಲಿಲ್ಲ. ಮಂದ್ರದ ತಂತಿಯ ಮೇಲೆ ಒಂದು ಮೀಟು ಬಿತ್ತು. ಅದರ ನಾದ ಸಣ್ಣಗಾಗುತ್ತ ಹೋಗಿ, ಎಲ್ಲಿ ನಿಂತಿತೆಂಬುದು ತಿಳಿಯದ ಹಾಗೆ ನಿಂತಿತು. ಬಾಗಿಲ ಬಳಿ ಅಮ್ಮ ಸೆರಗಿಗೆ ಕೈ ಒರಸಿಕೊಳ್ಳುತ್ತ ನಿಂತಿದ್ದಳು.

“ತಪ್ಪು ನಂದಮ್ಮ” ಎಂದೆ.

“ಸುಮ್ಮನಿರೋ, ಕೇಳಲಿ” ಎಂದು ತನ್ನ ಜಾಗದಲ್ಲಿ ಕುಳಿತಳು.