ಹರ್ತಿಕೋಟೆಯ ಚಿತ್ರಕಾರನೂ ಮೊಳಕಾಲ್ಮೂರಿನ ಮಗ್ಗವೂ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವವನಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಬೋಳುಬಂಡೆಯ ಗುಡ್ಡಗಳು, ಜಾಲಿಯ ಮೆಳೆಗಳು, ಮಳೆಯ ದಾರಿ ಕಾಯುವ ಶೇಂಗಾದ ಹೊಲಗಳು. ಇಂತಹ ಸೀಮೆಯಲ್ಲಿ ನಿಂತು ವಸ್ತುಸಂಗ್ರಹಾಲಯದ ಮಾತನ್ನೆತ್ತುವುದು ಕೆಲವರಿಗೆ ಅಕಾಲಿಕವೆಂದು ತೋರೀತು. ಆದರೆ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳುಳ್ಳ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳು ಈ ಮೊಳಕಾಲ್ಮೂರು ತಾಲ್ಲೂಕಿನವೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯ ಬುಡದಲ್ಲಿ ಅಗೆಯಿಸಿದಾಗ ಕಲ್ಗೊಡಲಿಯ ಕಾಲದ ಮೇಲೆ ಬೃಹತ್ ಶಿಲಾಗೋರಿಗಳ ಕಾಲವೂ, ಅದರ ಮೇಲೆ ಶಾತವಾಹನರ ಕಾಲವೂ ಪದರಪದರವಾಗಿ ಗೋಚರಿಸಿದವು. ಕಾಪಿಡತಕ್ಕ ಪದಾರ್ಥಕ್ಕೆ ಇಲ್ಲಿ ಬರವಿಲ್ಲ; ಕಾಪಿಡುವ ವಿದ್ಯೆಯನ್ನೇ ಜೀವಿತದ ವೃತ್ತಿಯಾಗಿ ವರಿಸುವವರು ಮಾತ್ರ ಎಲ್ಲೆಡೆಯಂತೆ ಇಲ್ಲಿಯೂ ವಿರಳ.

ಈ ವೃತ್ತಿಯ ಸ್ವರೂಪವೇನೆಂಬುದನ್ನು ಸಾಮಾನ್ಯ ವಾಚಕರು ಬಲ್ಲವರಲ್ಲ. ಕಟ್ಟಡವನ್ನು ಕಟ್ಟಿಸಿ, ಗಾಜಿನ ಪೆಟ್ಟಿಗೆಗಳನ್ನಿರಿಸಿ, ಫಲಕ ತೂಗುಹಾಕಿದೊಡನೆ ಸಂಗ್ರಹಾಲಯವಾಗುವುದಿಲ್ಲ. ಯಾವುದನ್ನು ಸಂಗ್ರಹಿಸಬೇಕು, ಯಾವುದನ್ನು ಅದರ ಒಡೆಯರ ಬಳಿಯಲ್ಲಿಯೇ ಬಿಡಬೇಕು ಎಂಬ ವಿವೇಕ, ತಂದ ವಸ್ತುವಿನ ಹೆಸರು, ಊರು, ಉಪಯೋಗಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಶಿಸ್ತು, ಗೆದ್ದಲಿನಿಂದಲೂ ತೇವದಿಂದಲೂ ಅದನ್ನು ಕಾಯುವ ಶಾಸ್ತ್ರ, ಇವೆಲ್ಲಕ್ಕೂ ವರ್ಷವರ್ಷವೂ ಬೇಕಾಗುವ ದ್ರವ್ಯವನ್ನು ಒದಗಿಸುವ ನ್ಯಾಸ ಅಥವಾ ಪ್ರತಿಷ್ಠಾನದ ರಚನೆ, ಇಷ್ಟೂ ಸೇರಿ ಆ ವೃತ್ತಿಯಾಗುತ್ತದೆ.

ಇದಕ್ಕೆ ನಿದರ್ಶನವನ್ನರಸಿ ದೂರ ಹೋಗಬೇಕಾಗಿಲ್ಲ. ನೆರೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಜನಿಸಿದ ಪಿ. ಆರ್. ತಿಪ್ಪೇಸ್ವಾಮಿಯವರು ನಿಸರ್ಗದೃಶ್ಯಗಳನ್ನು ಬರೆದ ಚಿತ್ರಕಾರರು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿಸಿದ ಜಾನಪದ ವಸ್ತುಸಂಗ್ರಹಾಲಯಕ್ಕೆ, ದೇ. ಜವರೇಗೌಡ ಮತ್ತು ಜೀ. ಶಂ. ಪರಮಶಿವಯ್ಯನವರೊಡನೆ, ರೂಪ ಕೊಟ್ಟವರು ಅವರೇ. ರಾಜಕುಮಾರಿಗಾಗಿ ನಿರ್ಮಿತವಾಗಿ, ಮುಂದೆ ಆ ಸಂಗ್ರಹಾಲಯಕ್ಕೆ ನೆಲೆಯಾದ ಜಯಲಕ್ಷ್ಮೀ ವಿಲಾಸದ ತೊಟ್ಟಿಗಳಲ್ಲಿ ತೊಗಲುಗೊಂಬೆಗಳೂ ಯಕ್ಷಗಾನದ ಕಿರೀಟಗಳೂ ಒಕ್ಕಲಿನ ಉಪಕರಣಗಳೂ ಸೇರಿ 6500ಕ್ಕೂ ಮಿಕ್ಕ ವಸ್ತುಗಳು ಸಂಗ್ರಹಗೊಂಡವು. ಅರಮನೆಯ ಅಂಗಳದಲ್ಲಿ ರೈತನ ನೇಗಿಲಿಗೆ ಪೀಠ ದೊರೆತದ್ದನ್ನು ನಾನು ನಮ್ಮ ನಾಡಿನ ದೊಡ್ಡ ಸಂಗತಿಗಳಲ್ಲೊಂದೆಂದು ಎಣಿಸುತ್ತೇನೆ. ಬಣ್ಣದ ಮರ್ಮವರಿತ ಕಣ್ಣು ಜೊತೆಗಿರದಿದ್ದರೆ ಆ ರಾಶಿಯು ಉಗ್ರಾಣವಾಗುತ್ತಿತ್ತೇ ಹೊರತು ದರ್ಶನವಾಗುತ್ತಿರಲಿಲ್ಲ.

ಇದೇ ಪಥದಲ್ಲಿ ನಡೆದವರು ಇನ್ನೂ ಇದ್ದಾರೆ. 1960ರಲ್ಲಿ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಆಧುನಿಕ ಚಿತ್ರಗಳೊಡನೆ ಕಿಳ್ಳೇಕ್ಯಾತರ ತೊಗಲುಗೊಂಬೆಗಳನ್ನೂ ಕೂಡಿಸಿದರು, ಎಚ್. ಎಲ್. ನಾಗೇಗೌಡರು ಅಧಿಕಾರದಿಂದ ನಿವೃತ್ತರಾದ ಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನು ನೆಲೆಗೊಳಿಸಿದರು. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ಅಭಿಷೇಕ್ ಪೋದ್ದಾರ್ ಅವರ ಖಾಸಗಿ ಸಂಗ್ರಹದಿಂದ ಮೊಳೆತು ಸಾರ್ವಜನಿಕ ನ್ಯಾಸವಾಗಿ ಬೆಳೆದದ್ದು. ಸಮಕಾಲೀನ ಕಲೆಯೊಡನೆ ಜನಪದ ಕಲೆಗೂ ವಸ್ತ್ರಗಳಿಗೂ ಅಲ್ಲಿ ಸ್ಥಾನವುಂಟು.

ಹಾಗಾದರೆ ಚಳ್ಳಕೆರೆಯ ಕಂಬಳಿಗೆ, ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಅವುಗಳ ನೆಲದಲ್ಲಿಯೇ ಒಂದು ಆಲಯವೇಕೆ ಬೇಡ? ಸೀರೆಯನ್ನು ಮಾತ್ರ ತೂಗುಹಾಕಿದರೆ ಅರ್ಧ ಸಂಗತಿಯಷ್ಟೇ ಉಳಿದೀತು. ಕುಣಿಮಗ್ಗ, ಲಾಳಿ, ಕಂಬಳಿಯ ಹಾಸುನೂಲಿಗೆ ಹಚ್ಚುವ ಹುಣಸೆಬೀಜದ ಸರಿ, ಮ್ಯಾಸಬೇಡರ ದೇವರೆತ್ತುಗಳನ್ನು ಕಾಯುವ ಕಿಲಾರಿಯ ಮಾತು, ಇವೂ ಜೊತೆಗಿರಬೇಕು. ಧ್ವನಿಯೂ ಬೇಕು: ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವರಿಯದೆಯೇ ಸಾವಿರಾರು ಹಾಡುಗಳನ್ನು ಕಂಠದಲ್ಲಿ ಧರಿಸಿದ್ದವಳು, ಕೃಷ್ಣಮೂರ್ತಿ ಹನೂರರು ಕಿವಿಗೊಟ್ಟು ಬರೆದುಕೊಳ್ಳದಿದ್ದರೆ ಅವು ಅವಳೊಡನೆಯೇ ಅಸ್ತಂಗತವಾಗುತ್ತಿದ್ದವು.

ಕಟ್ಟಡ ಎಂದಾದರೂ ಬರಲಿ. ಅದಕ್ಕೆ ಮೊದಲು ಈ ಎರಡು ತಾಲ್ಲೂಕುಗಳ ವಾಚಕರಲ್ಲಿ ನನ್ನ ಪ್ರಾರ್ಥನೆಯೊಂದಿದೆ: ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಲಾಳಿಯೋ ತಕಲಿಯೋ ಬಿದ್ದಿದ್ದರೆ ಕೆಳಗಿಳಿಸಿ ಧೂಳು ಒರೆಸಿ, ಅದನ್ನು ಹಿಡಿದ ಕೈ ಯಾರದು, ಅದಕ್ಕೆ ಮನೆಯಲ್ಲಿದ್ದ ಹೆಸರೇನು ಎಂಬುದನ್ನು ಮನೆಯ ಹಿರಿಯರಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು, ಅದಕ್ಕೆ ಕಟ್ಟಿಡಿ.